ಸೈಬೀರಿಯಾದ ಕೊಕ್ಕರೆ ನೋಡಲು ರಂಗನತಿಟ್ಟಿಗೆ ಯಾವಾಗ ಹೋಗಬೇಕು?

ಚಳಿ ಶುರುವಾದ ಕೂಡಲೇ ಈ ಪ್ರಶ್ನೆ ಬಂದೇ ಬರುತ್ತದೆ. ಚಿಕ್ಕ ಉತ್ತರ: ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ, ಬೆಳಿಗ್ಗೆ ಬೇಗ ಹೋಗಿ. ಆದರೆ ಅಲ್ಲಿ ಮರದ ತುಂಬ ಕೂತಿರುವ ಬಣ್ಣದ ಕೊಕ್ಕರೆಗಳು ಸೈಬೀರಿಯಾದವಲ್ಲ. ಹೆಜ್ಜಾರ್ಲೆಗಳೂ (ಪೆಲಿಕನ್) ಸೈಬೀರಿಯಾದವಲ್ಲ. ಎಷ್ಟು ಹೇಳಿದರೂ ಮುಂದಿನ ಚಳಿಗೆ ಮತ್ತೆ ಅದೇ ಮಾತು. ಹಾಗಾಗಿ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಬಣ್ಣದ ಕೊಕ್ಕರೆ ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯಾದ ಹಕ್ಕಿ. ಸೈಬೀರಿಯಾದಲ್ಲಿ ಅದು ಇಲ್ಲವೇ ಇಲ್ಲ. ಸೈಬೀರಿಯಾದ ಹೆಸರಿನ ಕ್ರೇನ್ ಎಂಬ ಬೇರೆ ಜಾತಿಯ ಹಕ್ಕಿ ರಾಜಸ್ಥಾನದ ಭರತ್‌ಪುರಕ್ಕೆ ಬರುತ್ತಿತ್ತು. 2002ರ ನಂತರ ಅದೂ ಬಂದಿಲ್ಲ.

ನಂಬಿಕೆ ಬರಲಿಲ್ಲವೇ? ಗೂಡು ನೋಡಿ. ಚಳಿ ತಪ್ಪಿಸಿಕೊಂಡು ಬಂದ ಹಕ್ಕಿ ಇಲ್ಲಿ ಗೂಡು ಕಟ್ಟುವುದಿಲ್ಲ. ಅದು ಬರುವುದು ಹೊಟ್ಟೆಪಾಡಿಗೆ. ಮೊಟ್ಟೆ, ಮರಿ ಎಲ್ಲ ತನ್ನೂರಿನಲ್ಲೇ, ಅಲ್ಲಿನ ಬೇಸಿಗೆಯಲ್ಲಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಾಗೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ಹಗಲು ಕೆರೆಯಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಹೊಲದಲ್ಲಿ ಮೇವು. ಅವುಗಳ ಒಂದು ಗೂಡೂ ಅಲ್ಲಿ ಕಾಣುವುದಿಲ್ಲ. ಬಿಸಿಲು ಏರುತ್ತಿದ್ದಂತೆ ಹೊರಟುಬಿಡುತ್ತವೆ.

ಅದೇ ಹೊತ್ತಿಗೆ ರಂಗನತಿಟ್ಟಿನಲ್ಲಿ ಏನು ನಡೆಯುತ್ತಿರುತ್ತದೆ? ಮರಿಗಳಿಗೆ ಬಿಸಿಲು ತಾಗದಿರಲೆಂದು ಕೊಕ್ಕರೆ ರೆಕ್ಕೆ ಬಿಚ್ಚಿ ನೆರಳು ಮಾಡಿ ನಿಂತಿರುತ್ತದೆ. ಜೋಡಿ ಹಕ್ಕಿ ಬಂದು ನುಂಗಿದ ಮೀನನ್ನು ಗೂಡಿನೊಳಗೆ ಕಕ್ಕುತ್ತದೆ. ಮರಿಗಳು ಕಿತ್ತಾಡಿಕೊಂಡು ತಿನ್ನುತ್ತವೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನ ಈ ನಡುಗಡ್ಡೆಗಳನ್ನು ಪಕ್ಷಿಧಾಮ ಮಾಡಿದ್ದೇ ಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತಿದ್ದವು ಅಂತ.

ಮತ್ತೆ ಚಳಿಗಾಲದಲ್ಲೇ ಯಾಕೆ ಕಾಣಿಸುತ್ತವೆ ಅಂತೀರಾ? ಅದು ಮೀನಿನ ಲೆಕ್ಕ. ಈ ಕೊಕ್ಕರೆ ಕೊಕ್ಕನ್ನು ಅರೆತೆರೆದು ನೀರಲ್ಲಿ ಅದ್ದಿ ಆಚೀಚೆ ಆಡಿಸುತ್ತದೆ. ಮೀನು ತಾಗಿದ್ದೇ ತಡ, ಟಪ್ ಅಂತ ಮುಚ್ಚುತ್ತದೆ. ಇದಕ್ಕೆ ತೆಳು ನೀರು ಬೇಕು, ಮೀನು ಒತ್ತೊತ್ತಾಗಿ ಇರಬೇಕು. ಮಳೆ ನಿಂತು ಕೆರೆ ಇಳಿಯತೊಡಗಿದಾಗ ಎರಡೂ ಸಿಗುತ್ತವೆ. ಭರತ್‌ಪುರದಲ್ಲಿ ಇದೇ ಹಕ್ಕಿ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಗೂಡು ಕಟ್ಟುತ್ತದೆ. ಅಲ್ಲಿ ಆಗ ಎಲ್ಲಿದೆ ಚಳಿ? ಉಳಿದ ತಿಂಗಳು ಇವು ನಮ್ಮದೇ ಕೆರೆ, ಗದ್ದೆಗಳಲ್ಲಿ ಚದುರಿರುತ್ತವೆ. ಗುಂಪಾಗಿಲ್ಲದ ಕಾರಣ ನಮ್ಮ ಗಮನಕ್ಕೆ ಬರುವುದಿಲ್ಲ, ಅಷ್ಟೇ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹೆಜ್ಜಾರ್ಲೆ, ಕೊಕ್ಕರೆ ಅಂದರೆ ಅವರಿಗೆ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಅಂಗಳದ ಹುಣಸೆ ಮರದಿಂದ ಹಿಕ್ಕೆ ಸುರಿದು ನಾರಿದರೂ ಸಹಿಸಿಕೊಳ್ಳುತ್ತಾರೆ. ‘ಫಾರಿನ್ ಹಕ್ಕಿ, ಎರಡು ತಿಂಗಳಿದ್ದು ಹೋಗುತ್ತೆ’ ಅಂದುಕೊಂಡವರು ಆ ಮರ ಉಳಿಸುತ್ತಾರಾ? ಈ ತಪ್ಪು ತಿಳಿವಳಿಕೆಯ ಮೇಲೆ ನನಗೆ ಇಷ್ಟು ಸಿಟ್ಟು ಅದಕ್ಕೇ. ಇಲ್ಲಿನ ಮರ ಹೋದರೆ ಅವುಗಳಿಗೆ ಸೈಬೀರಿಯಾದಲ್ಲಿ ಇನ್ನೊಂದು ಮನೆ ಇಲ್ಲ.

ದೂರದ ಅತಿಥಿಯನ್ನೇ ನೋಡಬೇಕಾದರೆ ನಿಮ್ಮ ಬೀದಿಯಲ್ಲೇ ಹುಡುಕಿ. ಹಳ್ಳದ ಪಕ್ಕ ಬಾಲ ಕುಣಿಸುವ ಬೂದು ಸಿಪಿಲೆ, ಹತ್ತು ಗ್ರಾಂ ಕೂಡ ತೂಗದ ಹಸಿರು ಉಲಿಯಕ್ಕಿ. ಇವು ಮರಿ ಮಾಡುವ ನಾಡು ಹಿಮಾಲಯದಿಂದ ಸೈಬೀರಿಯಾದವರೆಗೂ ಹಬ್ಬಿದೆ.

ತೆಳು ನೀರಿನ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಕೆರೆ ತುಂಬಿದಷ್ಟೂ ಹಕ್ಕಿ ಜಾಸ್ತಿ ಅಂತ ಬಹಳ ಜನ ತಿಳಿದಿದ್ದಾರೆ. ಗೊರವ ಹಕ್ಕಿಯ ಕಾಲು ಎಷ್ಟುದ್ದ ನೋಡಿದ್ದೀರಾ? ಬೆರಳಷ್ಟು. ಅದಕ್ಕೆ ಬೇಕಾದ್ದು ಅಂಚಿನ ಕೆಸರು. ಅಭಿವೃದ್ಧಿ ಅಂತ ಅಂಚನ್ನೂ ಆಳವಾಗಿ ತೋಡಿ, ಸುತ್ತ ಕಲ್ಲು ಕಟ್ಟಿ, ವಾಕಿಂಗ್ ಟ್ರ್ಯಾಕ್ ಹಾಕಿದರೆ ನೀರುಕಾಗೆ ಬಂದೀತು, ಗೊರವ ಎಲ್ಲಿ ನಿಲ್ಲಬೇಕು? ನಿಮ್ಮೂರ ಕೆರೆಯ ಹೂಳೆತ್ತುವ ಮಾತು ಬಂದರೆ ಪಂಚಾಯಿತಿಗೆ ಹೋಗಿ ಕೇಳಿ. ಒಂದು ಬದಿಯನ್ನಾದರೂ ಇಳಿಜಾರಾಗಿ, ಜೊಂಡು ಸಮೇತ ಬಿಡಲಿ. ಜೆಸಿಬಿ ಬರುವ ಮುಂಚೆಯೇ ಕೇಳಿ.