ಬೊಜ್ಜು ಕರಗಿಸುವ ಫ್ಲೇವನಾಯ್ಡ್: ಇಲಿಯ ಪಂಜರದಿಂದ ಮಾಟುಂಗಾದ ಅಂಗಡಿಯವರೆಗೆ

ಮುಂಬೈಯ ಮಾಟುಂಗಾದಲ್ಲಿ ಊರಿನ ಸಾಮಾನು ಮಾರುವ ಅಂಗಡಿಗಳಿಗೆ ಹೋದರೆ ಪುನರ್ಪುಳಿ (ಕೋಕಂ) ಶರಬತ್ತಿನ ಬಾಟಲಿಯೂ ಸಿಗುತ್ತದೆ, ಗ್ರೀನ್ ಟೀ ಪೊಟ್ಟಣವೂ ಸಿಗುತ್ತದೆ. ಎರಡೂ ಬೊಜ್ಜು ಕರಗಿಸುತ್ತವೆ ಎಂಬ ಮಾತಂತೂ ಧಾರಾಳವಾಗಿ ಸಿಗುತ್ತದೆ. ಕರಾವಳಿಯಿಂದ ಬಂದ ಕನ್ನಡಿಗರಿಗೆ ಪುನರ್ಪುಳಿ ಪಿತ್ತಕ್ಕೆ, ಸೆಖೆಗೆ ಕುಡಿಯುವ ಪಾನೀಯವಾಗಿತ್ತು. ತೂಕ ಇಳಿಸುವ ಕೀರ್ತಿ ಅದಕ್ಕೆ ಬಂದದ್ದು ಈಚೆಗೆ, ಅದೂ ಬಹುಮಟ್ಟಿಗೆ ಪ್ರಯೋಗಾಲಯದ ಇಲಿಗಳ ಕೃಪೆಯಿಂದ.

ಫ್ಲೇವನಾಯ್ಡ್‌ಗಳೆಂದರೆ ಹಣ್ಣು, ಸೊಪ್ಪು, ಚಹಾ, ಈರುಳ್ಳಿಗಳಲ್ಲಿರುವ ಸಸ್ಯರಾಸಾಯನಿಕಗಳು. 1936ರಲ್ಲಿ ಹಂಗೇರಿಯ ಆಲ್ಬರ್ಟ್ ಸೆಂಟ್-ಜಾರ್ಜಿ ಮತ್ತು ಅವರ ಸಹೋದ್ಯೋಗಿಗಳು ಇವು ಸೂಕ್ಷ್ಮ ರಕ್ತನಾಳಗಳನ್ನು ಗಟ್ಟಿಗೊಳಿಸುತ್ತವೆಂದು ವಾದಿಸಿ ‘ವಿಟಮಿನ್ ಪಿ’ ಎಂದು ಕರೆದರು. ಆದರೆ ಇವುಗಳ ಕೊರತೆಯಿಂದ ಬರುವ ರೋಗವೆಂಬುದು ಸಿದ್ಧವಾಗದ್ದರಿಂದ 1950ರ ಹೊತ್ತಿಗೆ ಆ ಹೆಸರು ಬಿದ್ದುಹೋಯಿತು. ಬೊಜ್ಜಿನ ಮಾತು ಆಗಿನ್ನೂ ಎಲ್ಲಿಯೂ ಇರಲಿಲ್ಲ.

ಅದಕ್ಕೆ ಮೊದಲು ತಿಂದು ಕೊಬ್ಬುವ ಇಲಿಯೊಂದು ಬೇಕಾಗಿತ್ತು. 1976ರಲ್ಲಿ ಅಮೆರಿಕದ ಆಂಥನಿ ಸ್ಕ್ಲಫಾನಿ ಅಂಗಡಿಯ ಬಿಸ್ಕತ್ತು, ಚೀಸ್ ಮುಂತಾದುವನ್ನು ಇಲಿಗಳ ಮುಂದಿಟ್ಟು ಅವುಗಳ ಬೊಜ್ಜು ಬೆಳೆಸಿದರು. ಸಿ57ಬಿಎಲ್/6ಜೆ ಎಂಬ ತಳಿಯ ಸುಂಡಿಲಿಗೆ ಜಿಡ್ಡಿನ ಆಹಾರ ಕೊಟ್ಟರೆ ಬೊಜ್ಜಿನ ಜೊತೆಗೆ ಸಕ್ಕರೆ ಕಾಯಿಲೆಯ ಲಕ್ಷಣಗಳೂ ಬರುತ್ತವೆಂದು 1988ರಲ್ಲಿ ಅಮೆರಿಕದ ಸಂಶೋಧಕ ಸರ್ವಿಟ್ ಅವರ ತಂಡ ತೋರಿಸಿದ ಮೇಲೆ ಈ ತಳಿಯೇ ಬೊಜ್ಜಿನ ಸಂಶೋಧನೆಯ ಕಾಯಂ ಅಭ್ಯರ್ಥಿಯಾಯಿತು. ಅದಕ್ಕೆ ಇಂದು ಕೊಡುವ ಒಂದು ಪ್ರಸಿದ್ಧ ಆಹಾರ ನೀಲಿ ಬಣ್ಣದ ಮೆತ್ತನೆಯ ಗುಳಿಗೆ. ಅದರ ಕ್ಯಾಲೊರಿಯಲ್ಲಿ ನೂರಕ್ಕೆ 60 ಪಾಲು ಕೊಬ್ಬಿನದು, ಅದೂ ಮುಖ್ಯವಾಗಿ ಹಂದಿಯ ಕೊಬ್ಬು. ಅನ್ನ, ಸಾರು, ಚಪಾತಿ ಉಣ್ಣುವ ಯಾವ ಮನೆಯ ಊಟವೂ ಇದರ ಹತ್ತಿರ ಸುಳಿಯುವುದಿಲ್ಲ.

2002ರಲ್ಲಿ ಜಪಾನಿನ ಸಂಶೋಧಕರು ಇಂಥ ಸುಂಡಿಲಿಗಳ ಆಹಾರಕ್ಕೆ ಚಹಾದ ಫ್ಲೇವನಾಯ್ಡ್‌ಗಳಾದ ಕ್ಯಾಟೆಚಿನ್‌ಗಳನ್ನು ಬೆರೆಸಿ 11 ತಿಂಗಳು ಸಾಕಿದಾಗ ಬೊಜ್ಜು ಕಡಿಮೆ ಬೆಳೆಯಿತು. 2003ರಲ್ಲಿ ಇನ್ನೊಂದು ಜಪಾನಿ ತಂಡ ನೇರಳೆ ಜೋಳದ ಬಣ್ಣದಿಂದ ಅಂಥದೇ ಫಲ ಕಂಡಿತು. ಆ ಬಣ್ಣದ ಮುಖ್ಯ ಅಂಶವಾದ ಸಯನಿಡಿನ್ ಗ್ಲೂಕೋಸೈಡ್ ಎಂಬ ಫ್ಲೇವನಾಯ್ಡ್ ಪುನರ್ಪುಳಿಯ ಕೆಂಪಿನಲ್ಲಿಯೂ ಇದೆ. ಪುನರ್ಪುಳಿಯ ಹುಳಿಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಮಾತ್ರ ಫ್ಲೇವನಾಯ್ಡ್ ಅಲ್ಲ. ಪುನರ್ಪುಳಿಯ ಹತ್ತಿರದ ಬಂಧು, ಅದೇ ಆಮ್ಲವಿರುವ ಉಪ್ಪಾಗೆಯ ಸಾರವನ್ನು ಮನುಷ್ಯರ ಮೇಲೆ 12 ವಾರ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಔಷಧವಿಲ್ಲದ ಹುಸಿ ಗುಳಿಗೆ ನುಂಗಿದವರಿಗಿಂತ ಹೆಚ್ಚೇನೂ ತೂಕ ಇಳಿಯಲಿಲ್ಲ.

ಸುಂಡಿಲಿಯ ಫಲಿತಾಂಶ ಸುಳ್ಳೆಂದು ಯಾರೂ ಹೇಳುತ್ತಿಲ್ಲ. ಅದರ ಜೊತೆಗಿದ್ದ ಷರತ್ತುಗಳು ದಾರಿಯಲ್ಲಿ ಉದುರಿಹೋದವು ಎಂಬುದು ನನ್ನ ತಕರಾರು. ಮೊದಲನೆಯದು ಪ್ರಮಾಣ. 30 ಗ್ರಾಂ ತೂಗುವ ಸುಂಡಿಲಿ ಶೇ. 0.5 ಕ್ಯಾಟೆಚಿನ್ ಇರುವ ಆಹಾರವನ್ನು ದಿನಕ್ಕೆ 3 ಗ್ರಾಂ ತಿಂದರೆ 15 ಮಿಲಿಗ್ರಾಂ ಕ್ಯಾಟೆಚಿನ್ ಅದರ ಹೊಟ್ಟೆಗೆ ಹೋಗುತ್ತದೆ. ಶರೀರದ ಮೇಲ್ಮೈ ವಿಸ್ತೀರ್ಣದ ಲೆಕ್ಕದಲ್ಲಿ ಇದನ್ನು 60 ಕಿಲೊ ತೂಕದ ಮನುಷ್ಯನಿಗೆ ಪರಿವರ್ತಿಸಿದರೆ ಸುಮಾರು 2,400 ಮಿಲಿಗ್ರಾಂ ಆಗುತ್ತದೆ. ಒಂದು ಕಪ್ ಗ್ರೀನ್ ಟೀಯಲ್ಲಿ ನೂರರ ಆಸುಪಾಸು ಇದೆಯೆಂದುಕೊಂಡರೂ ದಿನಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಕಪ್ ಬೇಕು. ಎರಡನೆಯದು ಹೋಲಿಕೆಯ ಆಹಾರ. ಅನೇಕ ಪ್ರಯೋಗಗಳಲ್ಲಿ ‘ಸಾಮಾನ್ಯ’ ಸುಂಡಿಲಿಗೆ ಕೊಡುವ ಧಾನ್ಯದ ಗುಳಿಗೆಯಲ್ಲಿ ಸೋಯಾ ಇರುತ್ತದೆ, ಸೋಯಾದಲ್ಲಿ ಐಸೊಫ್ಲೇವನ್ ಎಂಬ ಫ್ಲೇವನಾಯ್ಡ್ ಇರುತ್ತದೆ. ಹಾಲಿನ ಪ್ರೋಟೀನಾದ ಕೇಸಿನ್ ಮತ್ತು ಸಕ್ಕರೆಯಿಂದ ಮಾಡಿದ ಜಿಡ್ಡಿನ ಆಹಾರದಲ್ಲಿ ಅದು ಇರುವುದಿಲ್ಲ. ಹೀಗಾದಾಗ ವ್ಯತ್ಯಾಸ ಕೊಬ್ಬಿನದೋ ಸಸ್ಯಾಂಶದ ಅಭಾವದ್ದೋ ಎಂದು ಬಿಡಿಸಿ ಹೇಳುವುದು ಕಷ್ಟ. ಇನ್ನೊಂದು ಸಂಗತಿ ಉಷ್ಣತೆ: ಪಂಜರದ ಕೋಣೆ ಸಾಮಾನ್ಯವಾಗಿ 22 ಡಿಗ್ರಿಯಷ್ಟಿರುತ್ತದೆ, ಸುಂಡಿಲಿಗೆ ಹಿತವೆನಿಸುವುದು 30ರ ಸುಮಾರು. ಚಳಿ ತಾಳಲು ಸದಾ ಕೊಬ್ಬು ಉರಿಸುತ್ತಿರುವ ಪ್ರಾಣಿಯಲ್ಲಿ ಕಂಡದ್ದನ್ನು ಮುಂಬೈಯ ಸೆಖೆಯಲ್ಲಿ ಬೆವರುವ ಮನುಷ್ಯನಿಗೆ ಹೊಂದಿಸುವಾಗ ಎಚ್ಚರ ಬೇಕು.

ಪುಣೆಯ ಸಂಶೋಧನೆ ಇನ್ನೊಂದು ತೊಡಕನ್ನು ಮುಂದಿಡುತ್ತದೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬ್ರಿಟನ್ನಿನ ಜಾನ್ ಯುಡ್ಕಿನ್ ಜೊತೆ ತಮ್ಮನ್ನೇ ಹೋಲಿಸಿಕೊಂಡರು: ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರಲ್ಲಿಯೂ 22.3, ಆದರೆ ಶರೀರದ ಕೊಬ್ಬು ಯಾಜ್ಞಿಕರಲ್ಲಿ ಶೇ. 21.2, ಯುಡ್ಕಿನ್ನರಲ್ಲಿ ಶೇ. 9.1. ಪುಣೆ ಸುತ್ತಲ ಹಳ್ಳಿಗಳ ನವಜಾತ ಶಿಶುಗಳ ಸರಾಸರಿ ತೂಕ 2.7 ಕಿಲೊ, ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ 3.5 ಕಿಲೊ, ಅಷ್ಟು ಸಣಕಲಾದರೂ ಇಲ್ಲಿನ ಕೂಸುಗಳಲ್ಲಿ ಚರ್ಮದಡಿಯ ಕೊಬ್ಬು ಅದೇ ಅನುಪಾತದಲ್ಲಿ ಕುಗ್ಗಿರಲಿಲ್ಲ. ಗರ್ಭದಲ್ಲೇ ಆರಂಭವಾಗುವ ಈ ಬಗೆಯ ಕೊಬ್ಬಿಗೆ, ಬೆಳೆದ ಮೇಲೆ ಗುಳಿಗೆ ತಿಂದು ದಪ್ಪವಾಗುವ ಸುಂಡಿಲಿ ಅಷ್ಟೇನೂ ಒಳ್ಳೆಯ ಪ್ರತಿನಿಧಿಯಲ್ಲ.

ಮನುಷ್ಯರ ಮೇಲಿನ ಗ್ರೀನ್ ಟೀ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ 2012ರ ವರದಿಗೆ ಕಂಡ ತೂಕದ ಇಳಿಕೆ ವೈದ್ಯಕೀಯವಾಗಿ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಆ ಮೇಲೆ 2018ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ, ಚಹಾದ ಮುಖ್ಯ ಕ್ಯಾಟೆಚಿನ್ ಆದ ಇಜಿಸಿಜಿಯನ್ನು ಪೂರಕ ಗುಳಿಗೆಗಳ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೇವಿಸಿದವರ ರಕ್ತದಲ್ಲಿ ಯಕೃತ್ತಿಗೆ ಪೆಟ್ಟಾಗಿರುವುದನ್ನು ಸೂಚಿಸುವ ಕಿಣ್ವಗಳು ಏರುವುದನ್ನು ಗುರುತಿಸಿತು. ಮನೆಯಲ್ಲಿ ಕುದಿಸಿ ಕುಡಿಯುವ ಚಹಾದ ಬಗ್ಗೆ ಅದಕ್ಕೆ ಅಂಥ ಆತಂಕವಿರಲಿಲ್ಲ.