ಮರಳಲ್ಲಿ ಹೂತ ಗಾಲಿ ಕೇಳುವುದು ಬಲವನ್ನಲ್ಲ

ಕಡಲ ದಡದ ಮರಳಲ್ಲಿ ಗಾಡಿ ಸಿಕ್ಕಿಕೊಂಡರೆ ನಮ್ಮ ಕಾಲು ತಾನಾಗೇ ಆಕ್ಸಿಲರೇಟರ್ ಒತ್ತುತ್ತದೆ. ಎಡವಟ್ಟಾಗುವುದು ಅಲ್ಲೇ. ಸ್ವಲ್ಪ ದೂರ ನಿಂತು ಗಾಲಿಯನ್ನೇ ನೋಡಿ. ಅದು ಸುತ್ತುತ್ತಾ ತನ್ನ ಕೆಳಗಿನ ಮರಳನ್ನು ಕೆರೆದು ಹಿಂದಕ್ಕೆ ಎಸೆಯುತ್ತದೆ. ಅಂಚಿನ ಮರಳು ಗುಂಡಿಗೆ ಜಾರುತ್ತದೆ, ಅದನ್ನೂ ಎಸೆಯುತ್ತದೆ. ಕೊನೆಗೆ ಗಾಡಿಯ ಹೊಟ್ಟೆ ಮರಳಿಗೆ ತಾಗಿ, ಗಾಲಿ ಸುಮ್ನೆ ತಿರುಗುತ್ತಿರುತ್ತದೆ. ಎಂಜಿನ್‌ಗೆ ಬಲ ಸಾಲದೆ ಹೀಗಾಗಿದ್ದಲ್ಲ. ನೆಲ ತಡೆಯಲಿಲ್ಲ, ಅಷ್ಟೇ.

ಒಣ ಮರಳಿನ ಕಾಳುಗಳಿಗೆ ಒಂದಕ್ಕೊಂದು ಅಂಟು ಇಲ್ಲ. ಅವುಗಳನ್ನು ಹಿಡಿದಿಡುವುದು ಪರಸ್ಪರ ಉಜ್ಜಾಟ ಮಾತ್ರ. ಸ್ವಲ್ಪ ನೀರು ಸೇರಿದರೆ ಕಾಳುಗಳ ನಡುವೆ ನೀರಿನ ಪುಟ್ಟ ಸೇತುವೆಗಳು ಹುಟ್ಟಿ, ಅವನ್ನು ಹತ್ತಿರಕ್ಕೆ ಎಳೆಯುತ್ತವೆ. ಮಕ್ಕಳ ಮರಳಿನ ಕೋಟೆ ನಿಲ್ಲುವುದು ಇದರಿಂದಲೇ. ನೀರು ಜಾಸ್ತಿಯಾಗಿ ಸಂದೆಲ್ಲ ತುಂಬಿಕೊಂಡರೆ ಆ ಸೇತುವೆಗಳೇ ಇರುವುದಿಲ್ಲ.

ಅಲೆ ಹಿಂದೆ ಸರಿದ ಒದ್ದೆ ಮರಳಿನ ಮೇಲೆ ಕಾಲಿಟ್ಟಾಗ ಪಾದದ ಸುತ್ತ ಒಂದು ಕ್ಷಣ ಮರಳು ಒಣಗಿದ ಹಾಗೆ ಬೆಳ್ಳಗಾಗುತ್ತದೆ, ಅಲ್ವಾ? ಒತ್ತೊತ್ತಾಗಿದ್ದ ಕಾಳುಗಳು ಕದಲಬೇಕಾದರೆ ಒಂದರ ಮೇಲೊಂದು ಹತ್ತಬೇಕು. ಆಗ ನಡುವಿನ ಜಾಗ ಹಿಗ್ಗುತ್ತದೆ, ಮೇಲಿನ ನೀರು ಒಳಗಿಳಿಯುತ್ತದೆ. 1885ರಲ್ಲಿ ಬ್ರಿಟಿಷ್ ವಿಜ್ಞಾನಿ ಆಸ್ಬೋರ್ನ್ ರೆನಾಲ್ಡ್ಸ್ ಇದನ್ನು ವಿವರಿಸಿದರು. ಗಟ್ಟಿಯಾಗಿ ಕೂತ ಮರಳು ಸುಲಭಕ್ಕೆ ಜಾಗ ಬಿಡುವುದಿಲ್ಲ. ಹಾಗಾಗಿ ಗಾಡಿ ಓಡಿಸುವವರು ದಡದ ಮೇಲ್ಭಾಗದ ಸಡಿಲ ಮರಳು ಬಿಟ್ಟು ಕೆಳಗಿನ ತೇವದ ಪಟ್ಟಿ ಹಿಡಿಯುತ್ತಾರೆ.

ನಮ್ಮ ಕೈಯಲ್ಲಿರುವ ದೊಡ್ಡ ಉಪಾಯ ಟೈರಿನ ಗಾಳಿ ಇಳಿಸುವುದು. ಮೆತ್ತಗಿನ ಟೈರು ನೆಲವನ್ನು ಒತ್ತುವುದು ಹೆಚ್ಚುಕಡಿಮೆ ತನ್ನೊಳಗಿನ ಗಾಳಿಯ ಒತ್ತಡದಷ್ಟೇ. 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದದ್ದನ್ನು 18ರ ಹತ್ತಿರಕ್ಕೆ ತಂದರೆ ನೆಲ ಮುಟ್ಟುವ ಭಾಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಟೈರು ಅಗಲವಾಗುವುದಕ್ಕಿಂತ ಉದ್ದಕ್ಕೇ ಜಾಸ್ತಿ ಹರಡಿಕೊಳ್ಳುತ್ತದೆ. ಗಾಲಿ ಕಡಿಮೆ ಹೂಳುತ್ತದೆ, ಮುಂದೆ ಗುಡ್ಡೆಯಾಗುವ ಮರಳೂ ಕಡಿಮೆ. 1920ರ ದಶಕದ ಕೊನೆಯಲ್ಲಿ ಲಿಬಿಯಾ ಮರುಭೂಮಿಯಲ್ಲಿ ಫೋರ್ಡ್ ಕಾರುಗಳನ್ನು ಓಡಿಸಿದ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ ಕೂಡ ಟೈರಿನ ಗಾಳಿ ಇಳಿಸುತ್ತಿದ್ದರು.

ದೋಣಿಯ ಟ್ರೇಲರ್ ಇನ್ನೂ ಕಷ್ಟ. ಅದರ ಗಾಲಿಗೆ ಎಂಜಿನ್ನಿನ ಬಲವಿಲ್ಲ, ಎಳೆದತ್ತ ಬರುತ್ತದೆ. ಇಡೀ ದೋಣಿಯ ಭಾರ ಎರಡು ಸಣ್ಣ ಗಾಲಿಗಳ ಮೇಲೆ. ಗಾಲಿ ಹೂತಷ್ಟೂ ಮುಂದೆ ಮರಳು ರಾಶಿ ಬೀಳುತ್ತದೆ, ಅದನ್ನು ಹತ್ತಿ ಹತ್ತಿಯೇ ಬರಬೇಕು. ಟ್ರೇಲರ್ ಗಾಲಿ ಗಾಡಿಯ ಜಾಡಲ್ಲೇ ಬಂದರೆ ಆಗಲೇ ಅದುಮಿದ ಮರಳು ಸಿಗುತ್ತದೆ, ಎಳೆತ ಹಗುರ. ಜೋರಾಗಿ ತಿರುಗಿಸಿದರೆ ಜಾಡು ತಪ್ಪಿ, ಓರೆಯಾದ ಗಾಲಿ ನೇಗಿಲಿನಂತೆ ಉಳುತ್ತದೆ.

ನನಗೆ ಹೆಚ್ಚು ನಂಬಿಕೆ ಇರುವುದು ಉದ್ದ ಹಗ್ಗದ ಮೇಲೆ. ಟ್ರೇಲರ್ ಕಳಚಿ, ಗಾಡಿಯನ್ನು ಗಟ್ಟಿ ನೆಲಕ್ಕೆ ಒಯ್ದು, ಅಲ್ಲಿಂದ ನಿಧಾನಕ್ಕೆ ಎಳೆಯಬೇಕು. ಗಾಲಿಯ ಕೆಳಗೆ ಹಲಗೆ ಇದ್ದರೆ ಇನ್ನೂ ಒಳ್ಳೇದು. ಹಗ್ಗದ ಹತ್ತಿರ ಯಾರೂ ನಿಲ್ಲಬಾರದು, ತುಂಡಾದರೆ ಚಾಟಿಯಂತೆ ಬಡಿಯುತ್ತದೆ. ಡಾಂಬರು ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಿಸಿ. ಮೆತ್ತಗಿನ ಟೈರು ವೇಗದಲ್ಲಿ ಬಳುಕಿ ಬಳುಕಿ ಕಾದು ಒಡೆಯಬಹುದು.