ಬೇರು ಉದ್ದವಾದರೂ ಅಕ್ಕಿಯ ಸತ್ವ ಕುಗ್ಗುವುದೇಕೆ?

ಪ್ರಶ್ನೆ: ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಬೇರು ಚೆನ್ನಾಗಿ ಇಳಿಯುತ್ತದಂತೆ. ಹಾಗಿದ್ದರೆ ಬೆಳೆಗೆ ಪೋಷಕಾಂಶವೂ ಹೆಚ್ಚು ಸಿಗಬೇಕಲ್ಲವೇ?

ಉತ್ತರ: ನಾಟಿಯ ಕಾಲ ಬಂತೆಂದರೆ ಈ ಪ್ರಶ್ನೆಯೂ ಬಂತೆಂದೇ ಲೆಕ್ಕ. ಬೇರು ಹೆಚ್ಚುವುದು ನಿಜ. ಎಲೆ ತಯಾರಿಸಿದ ಸಕ್ಕರೆಯಲ್ಲಿ ಮಿಕ್ಕದ್ದು ಕೆಳಗಿಳಿದು ಸಣ್ಣ ಬೇರುಗಳು ಹರಡುತ್ತವೆ.

ಆದರೆ ಇದರ ಹಿಂದೆಯೇ ಬರುವ "ಅದು ಗಿಡದ ಆಹಾರ, ಹೆಚ್ಚಿದಷ್ಟೂ ಒಳ್ಳೆಯದು" ಎಂಬ ಮಾತಿಗೆ ಇನ್ನೆಷ್ಟು ಸಲ ಉತ್ತರಿಸಲಿ? ಆ ಅನಿಲ ಕೊಡುವುದು ಇಂಗಾಲವನ್ನು. ಸತು, ಕಬ್ಬಿಣ, ಸುಣ್ಣದಂಶ ಮಣ್ಣಿನಿಂದಲೇ ಬರಬೇಕು. ಅನಿಲ ಧಾರಾಳವಾಗಿ ಸಿಕ್ಕಾಗ ಎಲೆ ತನ್ನ ಪತ್ರರಂಧ್ರಗಳನ್ನು ಕಿರಿದಾಗಿಸುತ್ತದೆ; ನೀರು ಆರುವುದು ಕಡಿಮೆಯಾಗುತ್ತದೆ. ಗಿಡ ನೀರೆಳೆಯದಿದ್ದರೆ ಆ ನೀರಿನೊಡನೆ ಬೇರಿನ ಬಳಿಗೆ ಹರಿದು ಬರುವ ನೈಟ್ರೇಟ್, ಕ್ಯಾಲ್ಸಿಯಂ ಕೂಡ ಅಷ್ಟು ಬರುವುದಿಲ್ಲ. ಸತು, ರಂಜಕಗಳು ಮಣ್ಣಿನಲ್ಲಿ ಹೆಚ್ಚು ಅಲುಗಾಡುವುದಿಲ್ಲ; ಅವನ್ನು ಬೇರೇ ಹುಡುಕಿಕೊಂಡು ಹೋಗಬೇಕು. ಉದ್ದನೆಯ ಬೇರು ನೆರವಾಗುವುದು ಅಲ್ಲಿ. ಇಡೀ ಗಿಡವನ್ನು ತೂಗಿದರೆ ಸತು ತುಸು ಹೆಚ್ಚೇ ಇರಬಹುದು. ಆದರೆ ಕಾಳಿನಲ್ಲಿ ಪಿಷ್ಟ ಅದಕ್ಕಿಂತ ಬೇಗ ತುಂಬುತ್ತದೆ; ಹಾಗಾಗಿ ಕಾಳಿನಲ್ಲಿ ಸತುವಿನ ಪಾಲು ಕುಗ್ಗುತ್ತದೆ. ನಾವು ಉಣ್ಣುವುದು ಅನ್ನವನ್ನು, ಇಡೀ ಗಿಡವನ್ನಲ್ಲ.

ಇದು ಬರಿಯ ಊಹೆಯಲ್ಲ. ಜಪಾನ್ ಮತ್ತು ಚೀನಾದ ತೆರೆದ ಗದ್ದೆಗಳಲ್ಲಿ ಸುತ್ತ ಕೊಳವೆ ಹಾಯಿಸಿ, ಅನಿಲದ ಪ್ರಮಾಣವನ್ನು 568–590 ಪಿಪಿಎಂನಷ್ಟಕ್ಕೆ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅಷ್ಟು ಭಾಗ) ಏರಿಸಿ 18 ತಳಿಗಳ ಭತ್ತ ಬೆಳೆದು ನೋಡಿದ್ದಾರೆ. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅಕ್ಕಿಯಲ್ಲಿ ಸರಾಸರಿ ಪ್ರೋಟೀನ್ ಶೇ. 10, ಕಬ್ಬಿಣ ಶೇ. 8, ಸತು ಶೇ. 5ರಷ್ಟು ಇಳಿದಿತ್ತು. ಫೋಲೇಟ್ ಎಂಬ ಬಿ ಗುಂಪಿನ ವಿಟಮಿನ್ ಅಂತೂ ಶೇ. 30. ನಮ್ಮ ಗಾಳಿಯಲ್ಲಿ ಈ ಅನಿಲ ಈಗಾಗಲೇ 420 ಪಿಪಿಎಂ ದಾಟಿದೆ.

"ಹಾಗಾದರೆ ಇನ್ನೊಂದು ಚೀಲ ಯೂರಿಯಾ ಹಾಕೋಣವೇ?" ಬೇಡ ಸ್ವಾಮಿ! ಯೂರಿಯಾದಲ್ಲಿ ಸತುವಿಲ್ಲ. ಕೊರತೆ ಮಣ್ಣಿನ ಪರೀಕ್ಷೆಯಲ್ಲಿ ಕಂಡರೆ ಸತುವಿನ ಸಲ್ಫೇಟ್ ಹಾಕಿ. ಅದನ್ನೂ ರಂಜಕದ ಗೊಬ್ಬರವಾದ ಡಿಎಪಿಯೊಂದಿಗೆ ಬೆರೆಸಬೇಡಿ.

ಯಾರೂ ಕೇಳದಿದ್ದರೂ ರಾಗಿಯ ಮಾತು ಹೇಳಿಬಿಡುತ್ತೇನೆ. ರಾಗಿ, ಜೋಳ, ಮುಸುಕಿನ ಜೋಳ, ಕಬ್ಬು ಎಲೆಯೊಳಗೇ ಈ ಅನಿಲವನ್ನು ಒತ್ತೊತ್ತಾಗಿ ಕೂಡಿಡುವ ಜಾತಿಯವು. ಹೊರಗೆ ಹೆಚ್ಚಾದರೂ ಅವಕ್ಕೆ ಅಷ್ಟೇನೂ ಲಾಭವಿಲ್ಲ, ಪಿಷ್ಟವೂ ಭತ್ತದಂತೆ ಉಕ್ಕುವುದಿಲ್ಲ. ಬೇಳೆಕಾಳುಗಳದು ಬೇರೆ ಕಥೆ: ಬೇರಿನ ಗಂಟುಗಳು ಸಾರಜನಕ ಒದಗಿಸುವುದರಿಂದ ಪ್ರೋಟೀನ್ ಹೆಚ್ಚು ಇಳಿಯುವುದಿಲ್ಲ. ಆದರೆ ಸೋಯಾ, ಬಟಾಣಿಗಳಲ್ಲಿ ಸತು, ಕಬ್ಬಿಣ ಕುಗ್ಗಿದ್ದನ್ನು ಕಂಡಿದ್ದಾರೆ. ಅನ್ನದ ಕೊರತೆಯನ್ನು ಬೇಳೆ ಸಾರು ತುಂಬುತ್ತದೆಯೇ ಎಂದು ಮುಂದೆ ಕೇಳುವವರಿಗೆ ಈಗಲೇ ಉತ್ತರ: ಪ್ರೋಟೀನಿನ ಮಟ್ಟಿಗೆ ಹೌದು, ಸತುವಿನ ಮಟ್ಟಿಗೆ ಅರ್ಧಂಬರ್ಧ.